ಕೊಲ್ಹಾಪುರದ ಭೂರ್ಜಿಖಾನರು

ನಮ್ಮ ಗಡಹಿಂಗ್ಲಜದಿಂದ ಸಂಕೇಶ್ವರ, ನಿಪ್ಪಾಣಿ, ಕಾಗಲಗಳ ಮೇಲೆ ಹಾಯ್ದು ಕೊಲ್ಹಾಪುರಕ್ಕೆ ಹೋದ ವಿದ್ಯಾರ್ಥಿಗಳು ಅಂಬಾಬಾಯಿಯ ಗುಡಿಯನ್ನು ನೋಡುತ್ತಾರೆ, ಕುಸ್ತಿಯ ಮೈದಾನವನ್ನು ನೋಡುತ್ತಾರೆ. ದೇವಲ ಕ್ಲಬ್ಬಿನ ಬಳಿ ನಿಂತಿರುವ ಅಲ್ಲಾದಿಯಾಖಾನರ ಪ್ರತಿಮೆಯನ್ನು ಕಂಡು, ಇವರಾರೆಂದು ಕೇಳುವವರೂ ಇಲ್ಲದಿಲ್ಲ. ಆದರೆ ಆ ಮಹನೀಯರ ಕಿರಿಯ ಮಗನ ಹೆಸರನ್ನು ಕೇಳುವವರು ವಿರಳ. ಅವರ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ನಾವು ಬಹುದಿನಗಳಿಂದ ಎಣಿಸಿದ್ದೆವು.

ಮೊದಲು ತಂದೆಯ ಸಂಗತಿ. ಅಲ್ಲಾದಿಯಾಖಾನರು 1855ರಲ್ಲಿ ರಾಜಸ್ಥಾನದ ಉಣಿಯಾರಾದಲ್ಲಿ ಹುಟ್ಟಿದವರು. ಅವರದು ಧ್ರುಪದ ಗಾಯಕರ ಮನೆತನ. ಚಿಕ್ಕಪ್ಪ ಜಹಾಂಗೀರಖಾನರು ಅವರ ಗುರುಗಳು. ಅಮಲೇಟಾ ಎಂಬ ಚಿಕ್ಕ ಸಂಸ್ಥಾನದಲ್ಲಿ ಬಿಡುವಿಲ್ಲದೆ ಹಾಡಬೇಕಾಗಿ ಬಂದು ಅವರ ಧ್ವನಿ ಕೆಟ್ಟುಹೋಯಿತು. ಮರಳಿ ಬಂದ ಕಂಠದಲ್ಲಿ ಹಿಂದಿನ ಹೊಳಪಿರಲಿಲ್ಲ. ಅವರು ಎದೆಗುಂದದೆ, ಆ ಕಂಠಕ್ಕೆ ಒಗ್ಗುವ ಹೊಸ ಗಾಯಕಿಯೊಂದನ್ನು ಕಟ್ಟಿದರು. ವಿಲಂಬಿತ ಲಯ, ತೀನತಾಲದ ಬಿಗಿ, ತೆರೆದ ಅಕಾರ, ಉಸಿರು ಕಡಿಯದೆ ಸುತ್ತಿ ಬರುವ ತಾನುಗಳು, ಒಂದರೊಳಗೊಂದು ಹೆಣೆದುಕೊಂಡ ಜೋಡುರಾಗಗಳು, ಇವು ಅದರ ಲಕ್ಷಣಗಳು. ಜಯಪುರ ಘರಾಣೆಯೆಂದು ಇಂದು ಕರೆಯುವುದು ಇದನ್ನೇ. ಹೆಸರು ಜಯಪುರದ್ದಾದರೂ ಅದು ಫಲಕೊಟ್ಟ ನೆಲ ಕೊಲ್ಹಾಪುರವೆಂದು ನಾವು ಕೊಂಚ ಅಭಿಮಾನದಿಂದಲೇ ಹೇಳುತ್ತೇವೆ. ಶಾಹು ಮಹಾರಾಜರ ಆಶ್ರಯದಲ್ಲಿ ಖಾನಸಾಹೇಬರು ಇಲ್ಲಿ ನೆಲೆಸಿದರು. 1922ರಲ್ಲಿ ಮಹಾರಾಜರು ತೀರಿಕೊಂಡ ಬಳಿಕ ಮುಂಬಯಿಗೆ ತೆರಳಿದರು.

ಖಾನಸಾಹೇಬರಿಗೆ ಮೂವರು ಗಂಡುಮಕ್ಕಳು. ಹಿರಿಯರಾದ ನಸೀರುದ್ದೀನರು, ಮನೆಯ ಮಾತಿನಲ್ಲಿ ಬಡೇಜಿ, ಅನಾರೋಗ್ಯದಿಂದಾಗಿ ಗಾಯನವನ್ನು ವೃತ್ತಿಯಾಗಿ ಹಿಡಿಯಲಾರದೆ ಹೋದರು. ನಡುವಿನವರು ಬದ್ರುದ್ದೀನ್ ಅಥವಾ ಮಂಜಿಖಾನರು. ಪ್ರತಿಭೆಯೆಲ್ಲವೂ ಇವರಲ್ಲಿಯೇ ಬಂದು ತಂಗಿದಂತೆ ಜನರಿಗೆ ತೋರುತ್ತಿತ್ತು. ಸ್ವಭಾವ ಮಾತ್ರ ಸ್ವತಂತ್ರ. ಮನೆಯ ಗಾಯಕಿಯಷ್ಟೇ ಸಾಲದೆಂದು ರಹಿಮತಖಾನರ ಗ್ವಾಲಿಯರ ರೀತಿಗೂ ಮನಸೋತರು. ಕೆಲಕಾಲ ಹಾಡುವುದನ್ನೇ ಬಿಟ್ಟು ಸಂಸ್ಥಾನದ ಅರಣ್ಯ ಖಾತೆಯಲ್ಲಿ ನೌಕರಿ ಮಾಡಿದರು! ಮರಳಿ ಗಾಯನಕ್ಕೆ ಬಂದಾಗ ಅವರ ಕೀರ್ತಿ ಬೇಗನೆ ಹಬ್ಬಿತು.

ಮೂರನೆಯವರೇ ಶಮ್ಸುದ್ದೀನ್ ಉರುಫ್ ಭೂರ್ಜಿಖಾನರು. ಹುಟ್ಟಿದ್ದು 1890ರಲ್ಲಿ. ತಂದೆಯಿಂದ ವಿದ್ಯೆಯನ್ನು ಪಡೆದರೂ ಬೈಠಕ್ಕುಗಳಲ್ಲಿ ಹೆಸರು ಗಳಿಸುವುದು ಅವರ ಪಾಲಿಗೆ ಬರಲಿಲ್ಲ. ಹೆಮ್ಮರದಂಥ ತಂದೆ, ಮಿಂಚಿನಂಥ ಅಣ್ಣ. ಇವರಿಬ್ಬರ ನಡುವೆ ಮೂರನೆಯವನನ್ನು ಯಾರು ಕರೆದು ಹಾಡಿಸುತ್ತಾರೆ? ಮೂವರು ಮಕ್ಕಳಿರುವ ಮನೆಗಳಲ್ಲಿ ಇಂಥದನ್ನು ಶಿಕ್ಷಕರಾದ ನಾವು ಮೇಲಿಂದ ಮೇಲೆ ಕಾಣುತ್ತೇವೆ.

ಇಲ್ಲಿ ಇಚಲಕರಂಜಿಯ ಸಂಗತಿಯನ್ನೂ ಹೇಳಬೇಕು. ಬಾಲಕೃಷ್ಣಬುವಾ ಇಚಲಕರಂಜಿಕರರು 1849ರಲ್ಲಿ ಆ ಊರಿನ ಸಮೀಪದ ಚಂದೂರಿನಲ್ಲಿ ಹುಟ್ಟಿ, ಗ್ವಾಲಿಯರಕ್ಕೆ ಹೋಗಿ ವಾಸುದೇವಬುವಾ ಜೋಶಿಯವರ ಸೇವೆಮಾಡಿ, ಆ ಗಾಯಕಿಯನ್ನು ದಕ್ಷಿಣಕ್ಕೆ ತಂದವರು. ಘೋರ್ಪಡೆಯವರ ಜಹಗೀರಿಯಲ್ಲಿ ಆಸ್ಥಾನ ಗಾಯಕರಾಗಿದ್ದರು. ವಿಷ್ಣು ದಿಗಂಬರ ಪಲುಸ್ಕರರು ಇವರ ಶಿಷ್ಯರು. ಇವರಿಗೆ ಅಣ್ಣಾಬುವಾ ಎಂಬ ಗುಣವಂತ ಮಗನಿದ್ದನು. ಎಳೆಯ ಪ್ರಾಯದಲ್ಲಿಯೇ ತೀರಿಕೊಂಡನು. ಮುದಿ ತಂದೆ ಆ ದುಃಖವನ್ನು ಹೊತ್ತು 1926ರಲ್ಲಿ ಕಣ್ಮುಚ್ಚಿದರು. ಅವರ ವಿದ್ಯೆ ಉಳಿದದ್ದು ಶಿಷ್ಯರಲ್ಲಿ. ಅವರೊಳಗೊಬ್ಬರು ಮಿರಜಿನ ನೀಲಕಂಠಬುವಾ ಆಲೂರಮಠರು. ಇವರ ಬಳಿ ಕಲಿತ ಹುಡುಗನೇ ಧಾರವಾಡದ ಹತ್ತಿರದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ.

ಮಲ್ಲಿಕಾರ್ಜುನ ಮನಸೂರರು ಇನ್ನೂ ಕಲಿಯಬೇಕೆಂಬ ಹಂಬಲದಿಂದ ಮಂಜಿಖಾನರ ಶಿಷ್ಯರಾದರು. ಆ ಪಾಠ ನಡೆದದ್ದು ಸುಮಾರು ಒಂದೂವರೆ ವರ್ಷ. 1937ರಲ್ಲಿ ಮಂಜಿಖಾನರು ಅಕಾಲಿಕವಾಗಿ ತೀರಿಹೋದರು. ಎಂಬತ್ತು ದಾಟಿದ ತಂದೆಗೆ ಮಗನ ಸಾವು. ಕನ್ನಡದ ತರುಣನಿಗೆ ಗುರುವಿನ ಸಾವು. ಇಚಲಕರಂಜಿಯಲ್ಲಿ ನಡೆದದ್ದೇ ಇಲ್ಲಿಯೂ ನಡೆಯಿತು. ಆಗ ಹಿರಿಯ ಖಾನಸಾಹೇಬರು ಮನಸೂರರನ್ನು ಭೂರ್ಜಿಖಾನರ ಕೈಗೆ ಒಪ್ಪಿಸಿದರು.

ಅಣ್ಣನ ಶಿಷ್ಯನನ್ನು ತಮ್ಮನು ತಿದ್ದುವುದು ಸುಲಭದ ಕೆಲಸವಲ್ಲ. ಮಂಜಿಖಾನರ ತೇಜಸ್ಸನ್ನು ಕಣ್ಣಾರೆ ಕಂಡ ಶಿಷ್ಯನು ಹೆಜ್ಜೆಹೆಜ್ಜೆಗೂ ಹೋಲಿಸಿ ನೋಡುವುದು ಸಹಜ. ಆದರೂ ಪಾಠ ವರ್ಷಗಟ್ಟಲೆ ಮುಂದುವರಿಯಿತು. ಸಂಪೂರ್ಣ ಮಾಲಕಂಸ, ಖಟ್, ಬಸಂತಿ ಕೇದಾರ, ಬಿಹಾಗಡಾ ಮೊದಲಾಗಿ ಬೇರೆಡೆ ಅಪರೂಪವಾಗಿ ಕೇಳಿಬರುವ ರಾಗಗಳು ಆ ಮನೆಯ ಆಸ್ತಿ. ಅವನ್ನು ಅನ್ಯಕುಲದ, ಅನ್ಯಭಾಷೆಯ ಶಿಷ್ಯನಿಗೆ ಧಾರೆಯೆರೆಯುವಷ್ಟು ದೊಡ್ಡ ಮನಸ್ಸು ಭೂರ್ಜಿಖಾನರಲ್ಲಿತ್ತು. ಚೀಜುಗಳನ್ನು ಬಚ್ಚಿಟ್ಟುಕೊಂಡು ತಮ್ಮೊಡನೆ ಮಣ್ಣಿಗೆ ಒಯ್ದ ಉಸ್ತಾದರ ಕಥೆಗಳನ್ನು ಕೇಳಿದವರಿಗೆ ಇದರ ಬೆಲೆ ತಿಳಿದೀತು.

ಕೊಲ್ಹಾಪುರದಲ್ಲಿಯೇ 1927ರಲ್ಲಿ ಹುಟ್ಟಿದ ಧೋಂಡುತಾಯಿ ಕುಲಕರ್ಣಿಯವರು ಕೂಡ 1940ರಿಂದ ಹತ್ತು ವರ್ಷ ಭೂರ್ಜಿಖಾನರಲ್ಲಿ ಕಲಿತರು. ಮರ್ಯಾದಸ್ಥ ಬ್ರಾಹ್ಮಣ ಮನೆತನದ ಹುಡುಗಿ ಮುಸಲ್ಮಾನ ಉಸ್ತಾದರಿಂದ ಗಾಯನ ಕಲಿಯುವುದೆಂದರೆ ಆ ಕಾಲದಲ್ಲಿ ಊರು ಹುಬ್ಬೇರಿಸುವ ಮಾತು. ಅದಕ್ಕೆ ಒಪ್ಪಿದ ಆ ಹುಡುಗಿಯ ತಂದೆಯನ್ನೂ ನಾವು ಇಲ್ಲಿ ನೆನೆಯಬೇಕು.

1946ರ ಮಾರ್ಚಿನಲ್ಲಿ ಅಲ್ಲಾದಿಯಾಖಾನರು ಮುಂಬಯಿಯಲ್ಲಿ ದೇಹವಿಟ್ಟರು. ನಾಲ್ಕೇ ವರ್ಷಗಳಲ್ಲಿ, 1950ರಲ್ಲಿ, ಭೂರ್ಜಿಖಾನರೂ ಹೋದರು. ಅವರ ಶಿಷ್ಯನಿಗೆ ದೇಶದ ಮನ್ನಣೆ ಬಂದದ್ದು ಬಹಳ ತಡವಾಗಿ: 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ. ಆ ವರ್ಷವೇ ಸೆಪ್ಟೆಂಬರಿನಲ್ಲಿ ಮನಸೂರರು ತೀರಿಕೊಂಡರು. ಗುರು ಇವೊಂದನ್ನೂ ಕಾಣಲಿಲ್ಲ.

ಅಲ್ಲಾದಿಯಾಖಾನರು ತಮ್ಮ ಜೀವನವೃತ್ತಾಂತವನ್ನು ಮೊಮ್ಮಗ ಅಜೀಜುದ್ದೀನಖಾನರಿಗೆ ಹೇಳಿ ಬರೆಯಿಸಿದರು. ಅದರ ಇಂಗ್ಲಿಷ್ ಅನುವಾದ 2000ದಲ್ಲಿ ಅಚ್ಚಾಯಿತು. ಮನಸೂರರು ಕನ್ನಡದಲ್ಲಿ ‘ನನ್ನ ರಸಯಾತ್ರೆ’ ಬರೆದರು. ಅದನ್ನು ಅವರ ಮಗ, ಗಾಯಕರೂ ಇಂಗ್ಲಿಷ್ ಪ್ರಾಧ್ಯಾಪಕರೂ ಆಗಿದ್ದ ರಾಜಶೇಖರರು, ಇಂಗ್ಲಿಷಿಗೆ ತಂದರು. ಮೊದಲನೆಯ ಪುಸ್ತಕವನ್ನು ಹೇಳಿದವರು ಭೂರ್ಜಿಖಾನರ ತಂದೆ, ಬರೆದುಕೊಂಡವರು ಅವರ ಮಗ. ಎರಡನೆಯದನ್ನು ಬರೆದವರು ಅವರ ಶಿಷ್ಯ. ನಮ್ಮ ಮಕ್ಕಳು ಭೂರ್ಜಿಖಾನರನ್ನು ಹುಡುಕಬೇಕಾದದ್ದು ಈ ಎರಡು ಪುಸ್ತಕಗಳಲ್ಲಿ, ಮತ್ತು ಮನಸೂರರ ಧ್ವನಿಮುದ್ರಿಕೆಗಳಲ್ಲಿ.