ಕಟ್ಟಿಲ್ಲದ ಚಿತ್ರ, ಬಿಚ್ಚಲಾಗದ ಅಂಟು

ಎರಡು ಮೀಟರ್ ಅಗಲದ ಪ್ರಿಂಟನ್ನು ಕಟ್ಟು ಹಾಕಿಸದೆ ಗೋಡೆಗೇರಿಸುವುದು ಇಂಕ್‌ಜೆಟ್ ಬಂದ ಮೇಲಿನ ಶೋಕಿ ಎಂದು ನಂಬಿದವರು ಬಹಳ. ಗಾಜು, ಚೌಕಟ್ಟು ಬೇಡವಾದರೆ ಗಟ್ಟಿ ಹಲಗೆಗೆ ಅಂಟಿಸಿ, ಮೇಲೊಂದು ಲ್ಯಾಮಿನೇಶನ್ ಹೊಡೆಸಿದರೆ ರಕ್ಷಣೆಯ ಕೆಲಸ ಮುಗಿಯಿತು ಎಂಬ ಉಪದೇಶವೂ ಅದರ ಬೆನ್ನಿಗೇ ಬರುತ್ತದೆ. ಮೊದಲನೆಯದು ಚರಿತ್ರೆ ಗೊತ್ತಿಲ್ಲದ ಮಾತು, ಹೋಗಲಿ. ಎರಡನೆಯದರಿಂದ ನಷ್ಟವಾಗುವುದು ಚಿತ್ರಕ್ಕೇ. ಮೊದಲು ಚರಿತ್ರೆ ನೋಡೋಣ: 1507ರಲ್ಲಿ ವಾಲ್ಡ್‌ಸೇಮ್ಯುಲರ್ ಹನ್ನೆರಡು ಹಾಳೆಗಳಲ್ಲಿ ಅಚ್ಚು ಹಾಕಿಸಿದ ಭೂಪಟವೂ ಗೋಡೆಯ ಪ್ರಿಂಟೇ. ಸಾವಿರ ಪ್ರತಿ ಅಚ್ಚಾದವೆಂಬುದು ವಾಡಿಕೆಯ ಲೆಕ್ಕ, ಉಳಿದಿರುವುದು ಒಂದೇ. ಅದನ್ನು ಯಾರೂ ಗೋಡೆಗೆ ಅಂಟಿಸಿರಲಿಲ್ಲ, ಹಾಳೆಗಳನ್ನು ಬೈಂಡು ಮಾಡಿಸಿ ಇಟ್ಟಿದ್ದರು. 1901ರಲ್ಲಿ ಜರ್ಮನಿಯ ಕೋಟೆಯೊಂದರಲ್ಲಿ ಸಿಕ್ಕಿದ ಆ ಪ್ರತಿಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಒಂದು ಕೋಟಿ ಡಾಲರ್ ಕೊಟ್ಟಿತು. ಡ್ಯೂರರ್ ಮತ್ತು ಸಂಗಡಿಗರು ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನಿಗಾಗಿ ಮಾಡಿದ ವಿಜಯದ ಕಮಾನು 195 ಮರದಚ್ಚುಗಳಿಂದ 36 ಹಾಳೆಗಳ ಮೇಲೆ ಮೂಡಿದ್ದು. ಅದೂ ಗೋಡೆಗೆಂದೇ ಹುಟ್ಟಿತು. ಮುಂದೆ ಬಟ್ಟೆಯ ಬೆನ್ನು, ಮೇಲೆ ವಾರ್ನಿಶ್, ತುದಿಗಳಿಗೆ ಕೋಲು ಎಂಬ ಪದ್ಧತಿ ಬಂತು. ನಮ್ಮ ಹಳೆಯ ಶಾಲೆಗಳ ಭೂಪಟಗಳು ಅದರ ಕೊನೆಯ ಕುಡಿಗಳು. ಬಟ್ಟೆ ಉಪಕಾರ ಮಾಡಿತು, ವಾರ್ನಿಶ್ ಕಂದಿ ಒಡೆಯಿತು.

ಇಪ್ಪತ್ತನೆಯ ಶತಮಾನ ಈ ಕೆಲಸವನ್ನು ಅಂಟಿನ ಕೈಗೆ ಒಪ್ಪಿಸಿತು. 1955ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಸ್ಟೈಕನ್ ಏರ್ಪಡಿಸಿದ ‘ದಿ ಫ್ಯಾಮಿಲಿ ಆಫ್ ಮ್ಯಾನ್’ ಪ್ರದರ್ಶನದ 503 ಚಿತ್ರಗಳು ಗಾಜು, ಚೌಕಟ್ಟುಗಳಿಲ್ಲದೆ ಹಲಗೆಯ ಮೇಲೆಯೇ ನಿಂತವು, ಅದರ ಪ್ರತಿಗಳು ದೇಶದೇಶ ಸುತ್ತಿದವು. ಲಕ್ಸೆಂಬರ್ಗಿನ ಕ್ಲೆರ್ವೋ ಕೋಟೆಯಲ್ಲಿ ಉಳಿದ ಒಂದು ಪ್ರತಿಯನ್ನು ದುರಸ್ತಿ ಮಾಡಿಸದೆ ತೋರಿಸುವಂತಿರಲಿಲ್ಲ. 1960ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಡಯಾಸೆಕ್ ಎಂಬ ವಿಧಾನ ಪ್ರಿಂಟಿನ ಮುಖವನ್ನೇ ಸಿಲಿಕೋನ್‌ನಿಂದ ಅಕ್ರಿಲಿಕ್ ಹಾಳೆಗೆ ಬೆಸೆಯಿತು. ಬಣ್ಣಕ್ಕೆ ಆಳ ಬಂತು, ಅಂಚು ಬರಿದಾಯಿತು. ಡ್ಯುಸೆಲ್‌ಡಾರ್ಫಿನಲ್ಲಿ ಛಾಯಾಗ್ರಾಹಕ ಬೆಖರ್ ದಂಪತಿಗಳ ಶಿಷ್ಯರು ಇದನ್ನು ಅಪ್ಪಿಕೊಂಡರು. ಅವರಲ್ಲೊಬ್ಬರಾದ ಗುರ್ಸ್ಕಿಯ ‘ರೈನ್ 2’ ಮೂರೂವರೆ ಮೀಟರಿಗೂ ಅಗಲ. 2011ರಲ್ಲಿ ಅದು 43 ಲಕ್ಷ ಡಾಲರಿಗೆ ಹರಾಜಾಯಿತು. ಈ ಬೆಸುಗೆಯನ್ನು ರಕ್ಷಣೆ ಎನ್ನುವುದು ಅರ್ಧ ನಿಜ. ಧೂಳು, ಬೆರಳು ತಾಕವು, ಸರಿ. ಆದರೆ ಅಕ್ರಿಲಿಕ್ ಮೇಲೆ ಒಂದು ಗೀರು ಬಿದ್ದರೆ ಅದು ಚಿತ್ರದ ಗೀರೇ. ಹಾಳೆ ಬದಲಿಸೋಣವೆಂದರೆ ಚಿತ್ರ ಬಿಟ್ಟು ಬರದು. ಬಣ್ಣ ಮಾಸುವುದನ್ನಂತೂ ಅಂಟು ತಡೆಯುವುದಿಲ್ಲ.

ಈ ಬೆಸುಗೆ ನೆಚ್ಚುವಂಥದ್ದಲ್ಲವೆಂದು ಲೆಕ್ಕವೂ ಹೇಳುತ್ತದೆ. 20 ಡಿಗ್ರಿ ಶಾಖ ಏರಿದರೆ ಎರಡು ಮೀಟರ್ ಉದ್ದದ ಅಕ್ರಿಲಿಕ್ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಹಿಂದಿನ ಅಲ್ಯೂಮಿನಿಯಂ ಹಲಗೆ, ನಾವು ಎಸಿಪಿ ಶೀಟ್ ಎನ್ನುವುದು, ಒಂದೇ ಮಿಲಿಮೀಟರ್. ನಡುವೆ ಸಿಕ್ಕಿದ ಕಾಗದ ಇವೆರಡರ ಮಾತನ್ನೂ ಕೇಳಬೇಕು, ಜೊತೆಗೆ ಗಾಳಿಯ ತೇವದ ಮಾತನ್ನೂ. ಬಿಡಿಸಿಕೊಳ್ಳುವ ಜಗಳ ಶುರುವಾಗುವುದು ಮೂಲೆಯಲ್ಲಿ: ಮೊದಲು ಕೂದಲೆಳೆಯಷ್ಟು ಬೆಳ್ಳಿ ಗೆರೆ, ಅದು ಅಗಲವಾಗಿ ಕನ್ನಡಿಯಂಥ ಮಚ್ಚೆ. ಗಾಳಿ ಒಳಹೊಕ್ಕಿದೆ ಎಂದು ಅದರ ಅರ್ಥ. ಅಲ್ಲಿಗೆ ಬಂದ ಮೇಲೆ ಯಾರ ಕೈಯಲ್ಲೂ ಆಗುವುದು ಅಷ್ಟಕ್ಕಷ್ಟೆ.

ಹೆಚ್ಚು ಗಮನ ಸಿಗಬೇಕಾದದ್ದು ಇನ್ನೊಂದು ಸಂಪ್ರದಾಯಕ್ಕೆ. ಜಪಾನಿನ ಕಾಕೆಜಿಕು ಸುರುಳಿಗಳು ಚೌಕಟ್ಟೇ ಇಲ್ಲದ ಚಿತ್ರಗಳು. ಬೆನ್ನಿಗೆ ಹಚ್ಚಿದ ಕಾಗದವನ್ನು ತಲೆಮಾರುಗಳ ನಂತರ ನೀರಿನಿಂದ ಬಿಡಿಸಿ ಹೊಸದು ಹಚ್ಚುವಂತೆ ಮೊದಲೇ ಯೋಚಿಸಿ ಮಾಡಿದವು. ಅಂಟು ಗೋಧಿಯ ಪಿಷ್ಟ. ಹಲ್ವಕ್ಕೆಂದು ಗೋಧಿ ನೆನೆಸಿ ರುಬ್ಬಿ ಹಾಲು ತೆಗೆದವರಿಗೆ ಹೊಸದಲ್ಲ. ಸಿನಿಮಾ ಪೋಸ್ಟರಿನ ಮೈದಾ ಗೋಂದಿನ ನೆಂಟನೇ, ಆದರೆ ಜಿಗುಟು ತೆಗೆದದ್ದು. ಕಾಗದ ಸಂರಕ್ಷಕರು ಇದನ್ನೇ ದೊಡ್ಡ ಪ್ರಿಂಟಿಗೆ ಒಗ್ಗಿಸಿದ್ದಾರೆ. ಪ್ರಿಂಟಿನ ಬೆನ್ನಿನ ಅಂಚಿಗಷ್ಟೇ ಜಪಾನಿ ಕಾಗದದ ಪಟ್ಟಿ ಹಚ್ಚಿ, ಪಟ್ಟಿಯ ಇನ್ನೊಂದು ತುದಿಯನ್ನು ಹಗುರ ಹಲಗೆಯ ಹಿಂಬದಿಗೆ ಮಡಿಚಿ ಅಂಟಿಸುತ್ತಾರೆ. ಮುಂದೆ ನಿಂತು ನೋಡಿದವರಿಗೆ ಅಂಟಿನ ಸುಳಿವೇ ಸಿಗದು. ಈಚಿನ ದಶಕಗಳಲ್ಲಿ ನಿಯೋಡಿಮಿಯಮ್ ಅಯಸ್ಕಾಂತವೂ ಬಂದಿದೆ: ಹಿಂದೆ ಉಕ್ಕಿನ ಪಟ್ಟಿ, ಮುಂದೆ ಕಾಗದ ಸುತ್ತಿದ ಬಿಲ್ಲೆ. 1990ರ ದಶಕದಿಂದ ಛಾಯಾಗ್ರಾಹಕ ಟಿಲ್‌ಮನ್ಸ್ ದೊಡ್ಡ ಪ್ರಿಂಟುಗಳನ್ನು ಬರೀ ಕ್ಲಿಪ್ಪಿನಿಂದ ತೂಗುಹಾಕುತ್ತ ಬಂದದ್ದು ಸೋಮಾರಿತನವಲ್ಲ, ಈ ವಿವೇಕವೇ.

ಕಾಗದ ಅಲೆಅಲೆಯಾಗುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆಗುತ್ತದೆ. ಕಾಗದ ಉಸಿರಾಡುವ ವಸ್ತು, ಕನ್ನಡಿಯಂತೆ ಚಪ್ಪಟೆಯಾಗಿರಬೇಕೆಂಬ ಹಟ ಜಾಹೀರಾತು ಫಲಕ ಕಲಿಸಿದ್ದು. ಡಯಾಸೆಕ್‌ನ ಹೊಳಪು ಕೃತಿಯ ಭಾಗವೇ ಎನ್ನುವ ಕಲಾವಿದರಿಗೆ ಎದುರು ಹೇಳುವಂತಿಲ್ಲ. ಆದರೆ ಆಯುಸ್ಸು ಮುಗಿದ ಮೇಲೆ ಮರುಮುದ್ರಣ ಹೇಗೆ ಎಂಬುದನ್ನು ಮಾರುವಾಗಲೇ ಬರೆದುಕೊಡಬೇಕು. ಪ್ರದರ್ಶನದ ಪ್ರಿಂಟು ನಾಲ್ಕು ದಿನದ್ದು, ಫೈಲ್ ಇದೆಯಲ್ಲ ಎಂಬ ವಾದ ಹೆಚ್ಚು ಅಪಾಯದ್ದು. ಫೈಲು ಕಳೆದ ದಿನ ಆ ನಾಲ್ಕು ದಿನದ ಪ್ರಿಂಟೇ ಮೂಲವಾಗುತ್ತದೆ. ಇನ್ನು ರಕ್ಷಣೆಯ ಮಾತು: ಗಾಜಿಲ್ಲದ ಚಿತ್ರವನ್ನು ಕಾಯುವುದು ಕೋಣೆ. 50 ಲಕ್ಸ್ ಬೆಳಕು, ಕಿಟಕಿಗೆ ಅತಿನೇರಳೆ ತಡೆವ ಪರದೆ, ಕೈಗೆಟುಕದಂತೆ ಒಂದು ಹಗ್ಗ, ತೂಗುವ ದಿನಗಳಿಗೊಂದು ಮಿತಿ.

ನಮ್ಮಲ್ಲಿ ದೊಡ್ಡ ಪ್ರಿಂಟಿನ ಗತಿ ಹೆಚ್ಚಾಗಿ ಸನ್‌ಬೋರ್ಡ್ ಮತ್ತು ಕೋಲ್ಡ್ ಲ್ಯಾಮಿನೇಶನ್. ಕರಾವಳಿಯ ಆಷಾಢದಲ್ಲಿ ಗೋಡೆಯೇ ಬೆವರುವಾಗ ಈ ಪದರಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ಯುರೋಪಿನ ಹದವಾದ ಕೋಣೆಗಳ ಅನುಭವದಿಂದ ಊಹಿಸಲಾಗದು. ನಮ್ಮ ಗೋಡೆಗಳನ್ನೇ ಕೇಳಬೇಕು. ಕೇಳಲು ಏನು ಅಂಟಿಸಿದ್ದೇವೆಂದಾದರೂ ಗೊತ್ತಿರಬೇಕಲ್ಲ. ಪ್ರಿಂಟು ಗೋಡೆಗೇರಿಸುವವರಲ್ಲಿ ಕೋರಿಕೆ ಇಷ್ಟೆ: ಹಲಗೆಯ ಹಿಂದೆ ಒಂದು ಚೀಟಿಯಲ್ಲಿ ಕಾಗದ ಯಾವುದು, ಇಂಕ್ ಯಾವುದು, ಅಂಟು ಯಾವುದು, ಯಾವ ತಿಂಗಳು ಹಚ್ಚಿದ್ದು ಎಂದು ಬರೆದಿಡಿ.