ಗೋಯಿಂಗ್-ಆಫ್ ಕ್ಲಬ್

ಗೋಯಿಂಗ್-ಆಫ್ ಕ್ಲಬ್ ಎಂಬುದು ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರದೇಶದ ಹತ್ತಿಗಿರಣಿ ಪಟ್ಟಣಗಳಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದ, ಕಾರ್ಮಿಕ ಕುಟುಂಬಗಳ ಪ್ರವಾಸ ಉಳಿತಾಯ ಕೂಟ.

ಓಲ್ಡಮ್, ಬೋಲ್ಟನ್ ಮೊದಲಾದ ಊರುಗಳಲ್ಲಿ ವರ್ಷಕ್ಕೊಮ್ಮೆ ‘ವೇಕ್ಸ್’ ರಜೆಗೆ ಗಿರಣಿಗಳೆಲ್ಲ ಒಟ್ಟಿಗೆ ಮುಚ್ಚುತ್ತಿದ್ದವು. ವೇಕ್ಸ್ ಮೂಲತಃ ಜಾತ್ರೆಯನ್ನು ಹೋಲುವ, ಊರ ಚರ್ಚಿನ ವಾರ್ಷಿಕ ಹಬ್ಬ. ಒಂದೊಂದು ಊರಿಗೆ ಒಂದೊಂದು ವಾರ ನಿಗದಿಯಾಗಿತ್ತು. ಈ ರಜೆಗೆ ಸಂಬಳವಿರಲಿಲ್ಲ. ಆದ್ದರಿಂದ ಕುಟುಂಬವು ರೈಲು ದರ ಮತ್ತು ವಸತಿಯ ಹಣವನ್ನಷ್ಟೇ ಅಲ್ಲದೆ, ಆ ವಾರದ ಮನೆ ಬಾಡಿಗೆಯನ್ನೂ, ಮರಳಿದ ಮೇಲೆ ಮುಂದಿನ ಸಂಬಳ ಕೈಸೇರುವವರೆಗಿನ ಊಟದ ಖರ್ಚನ್ನೂ ಮೊದಲೇ ಕೂಡಿಡಬೇಕಾಗಿತ್ತು. ಮನೆಯ ಲೆಕ್ಕವನ್ನು ಸಾಮಾನ್ಯವಾಗಿ ತಾಯಿಯೇ ನೋಡುತ್ತಿದ್ದಳು. ದುಡಿಯುವ ಮಕ್ಕಳೂ ಸಂಬಳವನ್ನು ಆಕೆಯ ಕೈಗೆ ಒಪ್ಪಿಸುವುದು ರೂಢಿಯಾಗಿತ್ತು.

ಗಿರಣಿ, ಚರ್ಚು, ಪಾನಗೃಹಗಳಲ್ಲಿ ನಡೆಯುತ್ತಿದ್ದ ಕ್ಲಬ್ಬಿಗೆ ಸದಸ್ಯರು ವಾರವಾರವೂ ಸಣ್ಣ ಮೊತ್ತವನ್ನು ಕಟ್ಟುತ್ತಿದ್ದರು. ಚೀಟಿ ವ್ಯವಹಾರದಂತೆ ಇಲ್ಲಿ ಹರಾಜಿರಲಿಲ್ಲ. ರಜೆಯ ಮುನ್ನಾದಿನಗಳಲ್ಲಿ ಎಲ್ಲರಿಗೂ ಒಮ್ಮೆಗೇ ಹಣ ಸಿಗುತ್ತಿತ್ತು. ಅದರ ಬಹುಪಾಲು 1846ರಲ್ಲಿ ರೈಲು ಸಂಪರ್ಕ ಪಡೆದ ಕಡಲತೀರದ ಬ್ಲ್ಯಾಕ್‌ಪೂಲ್‌ನಂತಹ ಊರುಗಳಲ್ಲಿ ಖರ್ಚಾಗುತ್ತಿತ್ತು. ಅಲ್ಲಿಯೂ ಮಿತವ್ಯಯ ತಪ್ಪಿದ್ದಲ್ಲ: ಅನೇಕರು ಕೋಣೆಯನ್ನಷ್ಟೇ ಬಾಡಿಗೆಗೆ ಪಡೆದು, ತಾವೇ ದಿನಸಿ ತಂದು ಮನೆಯೊಡತಿಯಿಂದ ಅಡುಗೆ ಮಾಡಿಸಿಕೊಳ್ಳುತ್ತಿದ್ದರು. ಉಪ್ಪು, ಮೆಣಸಿನ ಬಳಕೆಗೂ ಪ್ರತ್ಯೇಕ ಶುಲ್ಕ ವಿಧಿಸುವ ಮನೆಯೊಡತಿಯರು ಹಾಸ್ಯದ ವಸ್ತುವಾದರು.

1938ರ ಸಂಬಳಸಹಿತ ರಜಾ ಕಾಯಿದೆಯು ವಾರದ ಸಂಬಳದ ರಜೆಯನ್ನು ಪ್ರೋತ್ಸಾಹಿಸಿತೇ ಹೊರತು ಎಲ್ಲರಿಗೂ ಕಡ್ಡಾಯಗೊಳಿಸಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಸಂಬಳದ ರಜೆ ವ್ಯಾಪಕವಾಯಿತು. ಹತ್ತಿ ಉದ್ಯಮ ಕುಸಿದಂತೆ ಊರಿಗೆ ಊರೇ ಒಟ್ಟಿಗೆ ರಜೆಗೆ ಹೊರಡುವ ಪದ್ಧತಿಯೂ ಮರೆಯಾಯಿತು.