ಸಂತಾನಹೀನತೆಯ ಚಿಕಿತ್ಸೆ

ಗರ್ಭನಿರೋಧಕ ಬಳಸದೆ ಒಂದು ವರ್ಷ ಕಳೆದರೂ ಗರ್ಭ ನಿಲ್ಲದಿರುವುದೇ ಸಂತಾನಹೀನತೆ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕು. ಸೊರಬ ತಾಲ್ಲೂಕಿನ ಗುಡವಿಯಂಥ ಹಳ್ಳಿಯವರಿಗೆ ಹತ್ತಿರದ್ದು ಸೊರಬದ ತಾಲ್ಲೂಕು ಆಸ್ಪತ್ರೆ, ಮುಂದೆ ಶಿವಮೊಗ್ಗ. ಆರಂಭದಲ್ಲೇ ಆಗಬೇಕಾದದ್ದು ಗಂಡನ ವೀರ್ಯ ಪರೀಕ್ಷೆ. ಖರ್ಚು ಕಡಿಮೆ, ನೋವಿಲ್ಲ. 2ರಿಂದ 7 ದಿನ ಸಂಯಮದಿಂದಿದ್ದು ಮಾದರಿ ಕೊಟ್ಟರಾಯಿತು. ಆದರೂ ಹೆಂಡತಿಯ ಸ್ಕ್ಯಾನುಗಳೆಲ್ಲ ಮುಗಿಯುವವರೆಗೆ ಮುಂದೂಡುವ ಗಂಡಸರೇನೂ ಕಡಿಮೆಯಿಲ್ಲ. ಅಂಡ ಸರಿಯಾಗಿ ಬಿಡುಗಡೆಯಾಗದಿದ್ದರೆ ಲೆಟ್ರೋಜೋಲ್ ಮಾತ್ರೆ. ವೀರ್ಯಾಣು ತುಸು ಕಡಿಮೆಯಿದ್ದರೆ ಐಯುಐ: ವೀರ್ಯವನ್ನು ಪ್ರಯೋಗಾಲಯದಲ್ಲಿ ತೊಳೆದು, ಚುರುಕಾದ ವೀರ್ಯಾಣುಗಳನ್ನು ತೆಳು ನಳಿಕೆಯಿಂದ ಗರ್ಭಕೋಶಕ್ಕೆ ಬಿಡುತ್ತಾರೆ. ಎರಡೂ ಗರ್ಭನಾಳ ಮುಚ್ಚಿದ್ದರೆ ಐಯುಐ ವ್ಯರ್ಥ, ಅಂಡ ಮತ್ತು ವೀರ್ಯಾಣುವನ್ನು ದೇಹದ ಹೊರಗೆ ಕೂಡಿಸುವ ಐವಿಎಫ್ ಬೇಕು. ನೆರವಿನ ಸಂತಾನೋತ್ಪತ್ತಿ ಕುರಿತ 2021ರ ಕಾಯ್ದೆಯಂತೆ ಇಂಥ ಚಿಕಿತ್ಸೆ ನೀಡುವ ಕೇಂದ್ರಗಳಿಗೆ ನೋಂದಣಿ ಕಡ್ಡಾಯ. ವಯೋಮಿತಿ ಹೆಂಗಸರಿಗೆ 50, ಗಂಡಸರಿಗೆ 55.